ಶಾಸನದ ಮೌನವೂ ಕಾದಂಬರಿಕಾರನ ಮಾತೂ: ಶಾಂತಲಾದೇವಿಯ ನಿದರ್ಶನ

೧

ಶಿವಗಂಗೆಯ ಬೆಟ್ಟವನ್ನು ಹತ್ತಿದವರಿಗೆ ಅಲ್ಲಿಯ ಒಂದು ಕಡಿದಾದ ಬಂಡೆಯಂಚನ್ನು ತೋರಿಸಿ, ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿಯಾದ ಶಾಂತಲಾದೇವಿಯು ಇಲ್ಲಿಂದಲೇ ಧುಮುಕಿ ಪ್ರಾಣಬಿಟ್ಟಳೆಂದು ಹೇಳುವುದು ವಾಡಿಕೆಯಾಗಿದೆ. ಕೇಳಿದವರು ಒಂದು ಕ್ಷಣ ಸುಮ್ಮನೆ ನಿಂತು ಕೆಳಕ್ಕೆ ಇಣಿಕಿ ನೋಡುತ್ತಾರೆ. ಈ ಮಾತಿಗೆ ಆಧಾರವೇನೆಂದು ಪ್ರಶ್ನಿಸುವವರು ವಿರಳ. ತರಗತಿಯಲ್ಲಿ ವಿದ್ಯಾರ್ಥಿಗಳನ್ನು ವಿಚಾರಿಸಿದರೆ ಹಲವರು ಅದನ್ನು ಓದಿರುವುದಾಗಿ ಹೇಳುತ್ತಾರೆ. ಎಲ್ಲಿ ಓದಿದಿರಿ ಎಂದರೆ, ಅದು ಪಾಠಪುಸ್ತಕವೊ, ಕಾದಂಬರಿಯೊ, ಯಾರೊ ಬರೆದ ಕಥೆಯೊ ಎಂಬುದು ಅವರ ನೆನಪಿನಲ್ಲಿರುವುದಿಲ್ಲ. ಕಥೆ ಉಳಿದಿದೆ; ಅದು ಬಂದ ದಾರಿ ಮಾತ್ರ ಅಳಿಸಿಹೋಗಿದೆ.

ಐತಿಹಾಸಿಕ ಕಾದಂಬರಿಯನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆ ಬಹುಮಟ್ಟಿಗೆ ಎರಡು ಕೊನೆಗಳ ನಡುವೆ ತೂಗಾಡುತ್ತ ಬಂದಿದೆ. ಕಾದಂಬರಿಯು ಚರಿತ್ರೆಗೆ ನಿಷ್ಠವಾಗಿರಬೇಕು, ಅದರಿಂದ ಕೂದಲೆಳೆಯಷ್ಟೂ ಸರಿಯಬಾರದು ಎನ್ನುವವರು ಒಂದು ಕಡೆ. ಕಾದಂಬರಿ ಕಲೆ, ಕಲೆಗೆ ಕಟ್ಟುಪಾಡು ಸಲ್ಲದು ಎನ್ನುವವರು ಇನ್ನೊಂದು ಕಡೆ. ಈ ಎರಡು ವಾದಗಳೂ ಪೂರ್ಣವಲ್ಲವೆಂದು ನಮ್ಮ ಅಭಿಪ್ರಾಯ. ಕಲ್ಪನೆಯಿಲ್ಲದೆ ಕಾದಂಬರಿಯೇ ಇಲ್ಲ. ಆದ್ದರಿಂದ ಕಲ್ಪಿಸುವುದು ದೋಷವಲ್ಲ. ಕಲ್ಪಿಸಿದುದು ಯಾವುದು, ಪಡೆದುದು ಯಾವುದು ಎಂಬ ವಿವೇಕ ಬರೆಯುವವನ ಮನಸ್ಸಿನಲ್ಲಿಯೇ ಕೆಟ್ಟುಹೋದಾಗ ದೋಷ ಹುಟ್ಟುತ್ತದೆ. ಶಾಂತಲಾದೇವಿಯ ನಿದರ್ಶನವನ್ನು ಮುಂದಿಟ್ಟುಕೊಂಡು ಈ ಮಾತನ್ನು ವಿಶದಪಡಿಸುವುದು, ಅನಂತರ ಅದನ್ನು ಇಂದಿನ ಅಭಿಮಾನಿ ಬರಹಕ್ಕೂ ಅನ್ವಯಿಸಿ ನೋಡುವುದು ಈ ಲೇಖನದ ಉದ್ದೇಶ. ತಾನು ಮೆಚ್ಚಿದ ಕಾದಂಬರಿಯ ಅಥವಾ ಚಲನಚಿತ್ರದ ಪಾತ್ರಗಳನ್ನು ಎತ್ತಿಕೊಂಡು ಓದುಗನು ತಾನೇ ಮುಂದುವರಿಸಿ ಬರೆಯುವ ಕಥೆಗಳನ್ನು ಇಲ್ಲಿ ಅಭಿಮಾನಿ ಬರಹವೆಂದು ಕರೆಯಲಾಗಿದೆ.

೨

ಮೊದಲು ಕಲ್ಲು ಏನು ಹೇಳುತ್ತದೆಂಬುದನ್ನು ನೋಡೋಣ.

ಶಾಂತಲೆಯ ತಂದೆ ಮಾರಸಿಂಗಯ್ಯ ಶೈವ. ತಾಯಿ ಮಾಚಿಕಬ್ಬೆ ಜೈನಧರ್ಮವನ್ನು ಆಚರಿಸುತ್ತಿದ್ದವಳು. ಶಾಂತಲೆ ತಾಯಿಯ ಮತವನ್ನೇ ಅನುಸರಿಸಿದಳು. ಪ್ರಭಾಚಂದ್ರ ಸಿದ್ಧಾಂತದೇವರು ಆಕೆಯ ಗುರುಗಳು. ಸಂಗೀತದಲ್ಲಿಯೂ ನೃತ್ಯದಲ್ಲಿಯೂ ಆಕೆಗಿದ್ದ ಪರಿಣತಿಯನ್ನು ಶಾಸನಗಳು ಹೊಗಳುತ್ತವೆ. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನಲ್ಲಿ ವಿಜಯನಾರಾಯಣನನ್ನು, ಎಂದರೆ ಇಂದಿನ ಚೆನ್ನಕೇಶವನನ್ನು, ಪ್ರತಿಷ್ಠೆ ಮಾಡಿಸಿದಾಗ ಅದೇ ಆವರಣದಲ್ಲಿ ಚೆನ್ನಿಗರಾಯನನ್ನು ಪ್ರತಿಷ್ಠಿಸಿದವಳು ಈ ರಾಣಿಯೆ. ೧೧೨೩ರಲ್ಲಿ ಆಕೆ ಶ್ರವಣಬೆಳಗೊಳದಲ್ಲಿ ಶಾಂತಿನಾಥನಿಗೆ ಒಂದು ಬಸದಿಯನ್ನು ಕಟ್ಟಿಸಿದಳು. ಆ ಬಸದಿಗೆ ‘ಸವತಿಗಂಧವಾರಣ’ವೆಂಬ ಹೆಸರು ಬಂದಿರುವುದು ಆಕೆಯ ಬಿರುದಿನಿಂದ. ಸವತಿಯರ ಪಾಲಿಗೆ ಮದದಾನೆ ಎಂಬುದು ಆ ಬಿರುದಿನ ಅರ್ಥ. ಶಾಂತಲೆಯೆಂದರೆ ತ್ಯಾಗದ ಪುತ್ಥಳಿ, ನುಂಗಿಕೊಂಡು ಬಾಳಿದ ಸಾಧ್ವಿ ಎಂದು ಭಾವಿಸಿಕೊಂಡು ಬಂದಿರುವ ನಮಗೆ ಈ ಒಂದು ಬಿರುದು ಎಚ್ಚರಿಕೆಯ ಮಾತಾಗಬೇಕು. ತನ್ನ ಸ್ಥಾನದ ಅರಿವು ಚೆನ್ನಾಗಿದ್ದ, ಅದನ್ನು ಕಲ್ಲಿನಲ್ಲಿ ಕೆತ್ತಿಸಲು ಹಿಂಜರಿಯದ ಹೆಣ್ಣು ಆಕೆ.

ಆಕೆಯ ಮರಣದ ವಿಷಯ ನಮಗೆ ತಿಳಿಯುವುದು ಮುಖ್ಯವಾಗಿ ಶ್ರವಣಬೆಳಗೊಳದ ಒಂದು ಶಾಸನದಿಂದ. ೧೧೩೧ರಲ್ಲಿ ಶಿವಗಂಗೆಯ ತೀರ್ಥದಲ್ಲಿ ಆಕೆ ಸ್ವರ್ಗಸ್ಥಳಾದಳೆಂದು ಅದು ತಿಳಿಸುತ್ತದೆ. ಬೆಟ್ಟದಿಂದ ಬಿದ್ದ ಮಾತಾಗಲಿ, ಮಕ್ಕಳಿಲ್ಲದ ಕೊರಗಾಗಲಿ, ಸವತಿಗೆ ದಾರಿ ಬಿಟ್ಟುಕೊಟ್ಟ ವಿಚಾರವಾಗಲಿ ಅಲ್ಲಿಲ್ಲ. ಶಾಸನದಲ್ಲಿ ಪ್ರಯೋಗವಾಗಿರುವ ‘ಮುಡಿಪು’ ಎಂಬ ಧಾತು ಬೆಳಗೊಳದ ಪ್ರಾಚೀನ ನಿಸಿದಿ ಶಾಸನಗಳಲ್ಲಿ ವ್ರತಪೂರ್ವಕವಾಗಿ ದೇಹವನ್ನು ಬಿಟ್ಟವರ ವಿಷಯದಲ್ಲಿ ಮತ್ತೆ ಮತ್ತೆ ಬರುತ್ತದೆ. ಇಷ್ಟರಿಂದಲೇ ಶಾಂತಲೆಯೂ ಸಲ್ಲೇಖನವನ್ನು ಕೈಗೊಂಡಳೆಂದು ಸಾಧಿಸಲಾಗದು. ಸಾಮಾನ್ಯ ಮರಣವನ್ನು ಗೌರವದಿಂದ ಹೇಳುವ ಮಾತೂ ಅದಾಗಿರಬಹುದು. ಆದರೆ ಆತ್ಮಹತ್ಯೆಯ ಕಥೆಗೆ ಅದು ಆಧಾರವಾಗಲಾರದೆಂಬುದು ಸ್ಪಷ್ಟ.

ಗಮನಿಸಬೇಕಾದ ಇನ್ನೊಂದು ಅಂಶವಿದೆ. ಈ ಶಾಸನದ ನಿಜವಾದ ವಸ್ತು ಶಾಂತಲೆಯಲ್ಲ, ಆಕೆಯ ತಾಯಿ. ಮಗಳು ಹೋದಮೇಲೆ ತಾನು ಇರಲಾರೆನೆಂದು ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಸನ್ಯಸನವನ್ನು ಕೈಗೊಂಡು ದೇಹವನ್ನು ಬಿಟ್ಟಳು. ಆಕೆಯ ಅರೆಮುಚ್ಚಿದ ಕಣ್ಣು, ಬಾಯಲ್ಲಿದ್ದ ಪಂಚಪದಗಳ ಜಪ, ಬಂಧುಗಳನ್ನು ಬೀಳ್ಕೊಂಡ ರೀತಿ ಇವೆಲ್ಲವನ್ನೂ ಶಾಸನಕವಿ ಕಂಡವನಂತೆ ವರ್ಣಿಸಿದ್ದಾನೆ. ಮಗಳ ಸಾವನ್ನು ಸಹಿಸಲಾರದೆ, ಆದರೆ ತನ್ನ ಧರ್ಮವನ್ನು ಮೀರದೆ ಬಾಳನ್ನು ಮುಗಿಸಿದ ಆ ವೃದ್ಧೆಯ ಕಥೆ ಯಾವ ಕಲ್ಪಿತ ಕಥೆಗೂ ಕಡಮೆಯಾದುದಲ್ಲ. ಆದರೂ ಜನರ ನೆನಪಿನಲ್ಲಿ ಮಾಚಿಕಬ್ಬೆಗೆ ಎಡೆಯಿಲ್ಲ. ಆಧಾರವಿಲ್ಲದ ಧುಮುಕುವಿಕೆ ಉಳಿಯಿತು. ಆಧಾರವಿರುವ ತಾಯಿಯ ಶೋಕ ಮರೆಯಾಯಿತು.

೩

ಐತಿಹ್ಯಗಳು ಎಲ್ಲವೂ ಹುಸಿಯೆಂದು ತಳ್ಳಿಬಿಡುವುದು ವಿಚಾರವಂತರ ಲಕ್ಷಣವಲ್ಲ. ಒಂದು ನಾಡಿನ ಜನ ತಮ್ಮ ಹಿಂದಿನವರನ್ನು ಹೇಗೆ ಕಾಣಬಯಸಿದರೆಂಬುದಕ್ಕೆ ಐತಿಹ್ಯವೇ ಸಾಕ್ಷಿ. ಆದರೆ ಅದು ಯಾವುದಕ್ಕೆ ಸಾಕ್ಷಿ, ಯಾವುದಕ್ಕೆ ಅಲ್ಲ ಎಂಬ ವಿಂಗಡಣೆ ಅವಶ್ಯ.

ಬೇಲೂರಿನ ಶಿಲ್ಪಿಯ ವಿಷಯವನ್ನೇ ತೆಗೆದುಕೊಳ್ಳಬಹುದು. ಜಕಣಾಚಾರಿಯ ಕಥೆಯನ್ನು ಕೇಳದ ಕನ್ನಡಿಗನಿಲ್ಲ. ತಂದೆ ಕೆತ್ತಿದ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಮಗನು ತೋರಿಸಿಕೊಟ್ಟದ್ದು, ಕಲ್ಲಿನ ಹೊಟ್ಟೆಯಿಂದ ಕಪ್ಪೆ ಹೊರಬಂದದ್ದು, ತಂದೆ ತನ್ನ ಬಲಗೈಯನ್ನು ಕಡಿದುಕೊಂಡದ್ದು, ಇದು ಬಹು ಸುಂದರವಾದ ಕಥೆ. ಶಾಂತಲೆಯು ಪ್ರತಿಷ್ಠಿಸಿದ ಚೆನ್ನಿಗರಾಯನಿಗೆ ‘ಕಪ್ಪೆ’ ಎಂಬ ವಿಶೇಷಣ ಸೇರಿರುವುದೂ ಈ ಕಥೆಯಿಂದಲೇ. ೧೯೬೪ರಲ್ಲಿ ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾಗಿ ಬಂದ ‘ಅಮರಶಿಲ್ಪಿ ಜಕಣಾಚಾರಿ’ ಅದನ್ನು ಮನೆಮನೆಗೂ ಮುಟ್ಟಿಸಿತು. ಆದರೆ ಬೇಲೂರಿನ ಕಲ್ಲುಗಳ ಮೇಲೆ ಜಕಣಾಚಾರಿಯ ಹೆಸರಿಲ್ಲ. ಅಲ್ಲಿರುವುದು ಬಳ್ಳಿಗಾವೆಯ ದಾಸೋಜನ ಹೆಸರು, ಅವನ ಮಗ ಚಾವಣನ ಹೆಸರು. ಮದನಿಕೆಗಳ ಅಡಿಯಲ್ಲಿ ತಮ್ಮ ಹೆಸರನ್ನೂ ಊರನ್ನೂ ಬಿರುದನ್ನೂ ಆ ಶಿಲ್ಪಿಗಳು ತಾವೇ ಬರೆದಿಟ್ಟಿದ್ದಾರೆ. ಭಾರತದಲ್ಲಿ ಎಷ್ಟೋ ಮಹಾಶಿಲ್ಪಗಳನ್ನು ಕಡೆದವರು ಯಾರೆಂಬುದು ತಿಳಿಯದೆ ಹೋಗಿರುವಾಗ, ಹೊಯ್ಸಳರ ಶಿಲ್ಪಿಗಳು ನಮಗೆ ಹೆಸರು ಹೇಳಿ ಹೋದರು. ನಾವು ಆ ಹೆಸರನ್ನು ಓದುವ ಗೋಜಿಗೆ ಹೋಗದೆ ಅವರ ಕೆಲಸವನ್ನು ಇನ್ನೊಬ್ಬನಿಗೆ ಕೊಟ್ಟೆವು. ಇದು ಕೇವಲ ಪಾಂಡಿತ್ಯದ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆಯೂ ಹೌದು.

ಇನ್ನೂ ಹೆಚ್ಚು ಸೂಕ್ಷ್ಮವಾದುದು ಮತದ ವಿಷಯ. ಬಿಟ್ಟಿದೇವನು ರಾಮಾನುಜಾಚಾರ್ಯರ ಪ್ರಭಾವದಿಂದ ವೈಷ್ಣವನಾಗಿ ವಿಷ್ಣುವರ್ಧನನೆನಿಸಿದನೆಂಬುದು ಪ್ರಸಿದ್ಧ ಕಥೆ. ಅದಾದಮೇಲೆ ಆತನು ಜೈನರನ್ನು ಹಿಂಸಿಸಿದನೆಂದು ಸೇರಿಸುವ ಐತಿಹ್ಯಗಳೂ ಉಂಟು. ಬರೆಯುವವನಿಗೆ ಇಲ್ಲಿ ನಾಟಕೀಯವಾದ ಸಂಘರ್ಷ ಸುಲಭವಾಗಿ ಸಿಕ್ಕಿಬಿಡುತ್ತದೆ: ವೈಷ್ಣವ ಗಂಡ, ಜೈನ ಹೆಂಡತಿ, ನಡುವೆ ಮತದ ಕತ್ತಿ. ಆದರೆ ಶಾಸನಗಳ ಸಾಕ್ಷ್ಯ ಬೇರೆ. ಆತನ ಮಹಾದಂಡನಾಯಕನಾದ ಗಂಗರಾಜನು ಜೈನನಾಗಿಯೇ ಉಳಿದು ಬಸದಿಗಳನ್ನು ಉದ್ಧರಿಸಿದನು. ಬೆಳಗೊಳದಲ್ಲಿ ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದವನು ಅವನೆ. ೧೧೩೩ರಲ್ಲಿ ಗಂಗರಾಜನ ಮಗ ಬೊಪ್ಪದೇವನು ತಂದೆಯ ನೆನಪಿಗಾಗಿ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಾಗ, ಪ್ರತಿಷ್ಠೆಯ ಪ್ರಸಾದವನ್ನು ವಿಷ್ಣುವರ್ಧನನು ಆದರದಿಂದ ಸ್ವೀಕರಿಸಿದನು. ಯುದ್ಧದ ಜಯವೂ ಪುತ್ರಜನನವೂ ಆ ಸಮಯದಲ್ಲಿ ಕೂಡಿಬಂದುದರಿಂದ ದೇವರಿಗೆ ವಿಜಯಪಾರ್ಶ್ವನೆಂದೂ ಮಗನಿಗೆ ವಿಜಯನಾರಸಿಂಹನೆಂದೂ ಹೆಸರಿಟ್ಟು ದತ್ತಿಬಿಟ್ಟನು. ಜೈನರನ್ನು ದ್ವೇಷಿಸುವ ಅರಸನ ನಡತೆ ಇದಲ್ಲ.

ಹಾಗೆಂದು ಹಿಂದಿನ ಕಾಲದಲ್ಲಿ ಮತಕಲಹವೇ ಇರಲಿಲ್ಲ, ಎಲ್ಲರೂ ಹಾಲುಜೇನಿನಂತೆ ಬೆರೆತಿದ್ದರು ಎಂದು ಚಿತ್ರಿಸಿದರೆ ಅದೂ ಸುಳ್ಳೆ. ೧೩೬೮ರಲ್ಲಿ ಜೈನರು ಶ್ರೀವೈಷ್ಣವರ ಮೇಲೆ ವಿಜಯನಗರದ ಬುಕ್ಕರಾಯನಲ್ಲಿ ದೂರು ಕೊಂಡೊಯ್ಯಬೇಕಾಯಿತು. ಅರಸನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಮಾನಿಸಿ, ಬೆಳಗೊಳದ ರಕ್ಷಣೆಯ ಹೊಣೆಯನ್ನು ವೈಷ್ಣವರಿಗೂ ವಹಿಸಿದನು. ಕಲಹವಿದ್ದುದೂ ನಿಜ, ಅದನ್ನು ತೀರಿಸುವ ದಾರಿ ಇದ್ದುದೂ ನಿಜ. ಸಂಸ್ಕೃತಿಯನ್ನು ವಿವೇಕದಿಂದ ಚಿತ್ರಿಸುವುದೆಂದರೆ ಕಹಿಯನ್ನು ಮರೆಮಾಚುವುದಲ್ಲ. ಯಾವ ಕಹಿ ಯಾವ ಕಾಲದ್ದು, ಯಾರದು, ಎಷ್ಟು ಎಂಬುದನ್ನು ಅಳೆದು ಹೇಳುವುದು. ಹದಿನಾಲ್ಕನೆಯ ಶತಮಾನದ ಕಲಹವನ್ನು ಹನ್ನೆರಡನೆಯ ಶತಮಾನದ ಅಂತಃಪುರಕ್ಕೆ ತಂದಿಟ್ಟರೆ, ಅದರ ಫಲವನ್ನು ಉಣ್ಣಬೇಕಾದವರು ಶಾಂತಲೆಯೂ ವಿಷ್ಣುವರ್ಧನನೂ ಅಲ್ಲ; ಇಂದು ಒಂದೇ ಬೀದಿಯಲ್ಲಿ ಬಾಳುತ್ತಿರುವ ಜೈನರೂ ವೈಷ್ಣವರೂ.

೪

ಹಾಗಾದರೆ ಕಾದಂಬರಿಕಾರನಿಗೆ ಉಳಿದ ಸ್ವಾತಂತ್ರ್ಯವೇನು? ಬಹಳವಿದೆ. ಶಾಸನವು ದಾನವನ್ನು ಹೇಳುತ್ತದೆ, ದಾನ ಕೊಟ್ಟವಳ ಮನಸ್ಸನ್ನು ಹೇಳುವುದಿಲ್ಲ. ಶೈವ ತಂದೆ, ಜೈನ ತಾಯಿ, ವಿಷ್ಣುಭಕ್ತನಾದ ಪತಿ ಈ ಮೂವರ ನಡುವೆ ಬೆಳೆದ ಹೆಣ್ಣು ಬೆಳಿಗ್ಗೆ ಎದ್ದು ಯಾವ ದೇವರನ್ನು ನೆನೆಯುತ್ತಿದ್ದಳು? ಬೆಳಗೊಳದ ಬಸದಿಗೆ ಸವತಿಗಂಧವಾರಣವೆಂಬ ಹೆಸರನ್ನು ಒಪ್ಪಿದಾಗ ಆಕೆಯ ತುಟಿಯ ಮೇಲೆ ನಗೆಯಿದ್ದಿತೆ? ಬೇಲೂರಿನ ಮದನಿಕೆಯೊಂದರ ಮುಂದೆ ನಿಂತಾಗ, ನೃತ್ಯ ಬಲ್ಲ ಆಕೆ ಕಾಲಿನ ನಿಲುವಿನಲ್ಲಿ ತಪ್ಪನ್ನು ಕಂಡಳೆ? ಇಂಥ ಪ್ರಶ್ನೆಗಳಿಗೆ ಚರಿತ್ರಕಾರನು ಉತ್ತರ ಕೊಡಲಾರ, ಕೊಡಲೂ ಬಾರದು. ಇದು ಕಾದಂಬರಿಕಾರನ ಹೊಲ. ಇಲ್ಲಿ ಅವನು ಬಿತ್ತಿ ಬೆಳೆಯಲಿ.

ಕೆ. ವಿ. ಅಯ್ಯರ್ ಅವರ ‘ಶಾಂತಲಾ’, ಸಿ. ಕೆ. ನಾಗರಾಜರಾವ್ ಅವರ ‘ಪಟ್ಟಮಹಾದೇವಿ ಶಾಂತಲದೇವಿ’ ಎಂಬ ಕಾದಂಬರಿಗಳು ಓದುಗರ ಅಪಾರ ಪ್ರೀತಿಯನ್ನು ಗಳಿಸಿದುದು ಈ ಹೊಲದಲ್ಲಿ ದುಡಿದುದರಿಂದಲೆ. ನಾಗರಾಜರಾಯರ ಕೃತಿಗೆ ೧೯೮೩ರಲ್ಲಿ ಮೂರ್ತಿದೇವಿ ಪ್ರಶಸ್ತಿಯೂ ಸಂದಿತು. ಒಬ್ಬಳೇ ರಾಣಿಯನ್ನು ಕುರಿತು ಇಬ್ಬರು ಬರೆದಾಗ ಇಬ್ಬರು ಶಾಂತಲೆಯರು ಹುಟ್ಟಿದರೆ ಅದರಲ್ಲಿ ಆಶ್ಚರ್ಯವಿಲ್ಲ, ತಪ್ಪೂ ಇಲ್ಲ. ಶಾಸನವು ಮೌನವಾಗಿರುವಲ್ಲಿ ಎರಡು ಮಾತುಗಳಿಗೂ ಎಡೆಯುಂಟು. ಶಾಸನವು ಮಾತನಾಡಿರುವಲ್ಲಿ ಅದನ್ನು ಕೇಳದೆ ಮುಂದುವರಿದರೆ ಮಾತ್ರ ಆಕ್ಷೇಪ.

ಶಾಸನದ ಮೌನದಲ್ಲಿಯೂ ಭೇದವುಂಟೆಂಬುದನ್ನು ಮರೆಯಬಾರದು. ಯಾರೂ ಹೇಳದಿದ್ದ ಸಣ್ಣ ವಿಷಯದ ಮೌನ ಒಂದು. ಹೇಳಬಹುದಾಗಿದ್ದರೂ ಹೇಳಿಸಿಕೊಳ್ಳದೆ ಉಳಿದವರ ಮೌನ ಇನ್ನೊಂದು. ಬೇಲೂರಿನ ಕಲ್ಲನ್ನು ಎಳೆದುತಂದ ಕೂಲಿಯವರ, ಅರಮನೆಯ ದಾಸಿಯರ, ದತ್ತಿಯಾಗಿ ಬಿಟ್ಟ ಹಳ್ಳಿಯಲ್ಲಿ ಉತ್ತು ಬಿತ್ತಿದವರ ಮಾತು ಶಾಸನಗಳಲ್ಲಿ ಕೇಳಿಬರುವುದಿಲ್ಲ. ಇವರಿಗೆ ಮಾತು ಕೊಡುವುದು ಕಾದಂಬರಿಕಾರನ ಹಕ್ಕು ಮಾತ್ರವಲ್ಲ, ಅವನು ಮಾಡಬಹುದಾದ ದೊಡ್ಡ ಉಪಕಾರ.

೫

ಪಾತ್ರಗಳ ಮನಸ್ಸನ್ನು ಕಲ್ಪಿಸುವಾಗ ಸ್ವಾತಂತ್ರ್ಯ ಹೆಚ್ಚು. ಅವರ ಸುತ್ತಣ ವಸ್ತುಗಳನ್ನು ಹೇಳುವಾಗ ಕಡಮೆ. ಹೊಯ್ಸಳರ ಅಡುಗೆಮನೆಯಲ್ಲಿ ಒಣಮೆಣಸಿನಕಾಯಿಯ ಒಗ್ಗರಣೆ ಘಮಘಮಿಸಿದರೆ ಓದುಗನಿಗೆ ಬಾಯಲ್ಲಿ ನೀರೂರಬಹುದು. ಆದರೆ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ, ಹೊಗೆಸೊಪ್ಪು ಇವೆಲ್ಲ ಅಮೆರಿಕ ಖಂಡದಿಂದ ಬಂದವು. ಪೋರ್ಚುಗೀಸರ ಆಗಮನಕ್ಕೆ ಮುಂಚೆ, ಎಂದರೆ ಹದಿನೈದನೆಯ ಶತಮಾನದ ಕೊನೆಯವರೆಗೆ, ನಮ್ಮ ನಾಡಿನಲ್ಲಿ ಅವು ಇರಲಿಲ್ಲ. ಶಾಂತಲೆಯ ಕಾಲದಲ್ಲಿ ಖಾರವೆಂದರೆ ಮುಖ್ಯವಾಗಿ ಮೆಣಸು, ಶುಂಠಿ, ಹಿಪ್ಪಲಿ. ಮೆಣಸಿನ ಹೆಸರನ್ನೇ ಹೊಸ ಕಾಯಿಗೂ ಕೊಟ್ಟೆವೆಂಬುದಕ್ಕೆ ‘ಮೆಣಸಿನಕಾಯಿ’ ಎಂಬ ಪದವೇ ಸಾಕ್ಷಿ.

ಹಾಗಾದರೆ ಆ ಕಾಲದವರು ಏನನ್ನು ಉಣ್ಣುತ್ತಿದ್ದರು? ಇದಕ್ಕೆ ಕಲ್ಪನೆಯ ಮೊರೆಹೋಗಬೇಕಾಗಿಲ್ಲ. ವಿಷ್ಣುವರ್ಧನನ ಸಮಕಾಲೀನನೂ ಹೊಯ್ಸಳರ ಸಾರ್ವಭೌಮನೂ ಆಗಿದ್ದ ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ. ಉದ್ದಿನ ಹಿಟ್ಟಿನ ಇಡ್ಡರಿಕೆ, ವಟಕ, ದೋಸಕ ಮೊದಲಾದ ಭಕ್ಷ್ಯಗಳನ್ನು ಅದು ಬಣ್ಣಿಸುತ್ತದೆ. ಉಡುಗೆ, ತೊಡಿಗೆ, ಆನೆ, ಕುದುರೆ, ಸಂಗೀತ, ನೃತ್ಯ ಇವುಗಳ ವಿವರಗಳೂ ಅಲ್ಲಿ ದೊರೆಯುತ್ತವೆ. ಕ್ರಿ. ಶ. ೧೦೨೫ರ ಸುಮಾರಿನ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಕನ್ನಡದಲ್ಲಿಯೇ ಪಾಕಶಾಸ್ತ್ರ, ಕೃಷಿ, ವೈದ್ಯಗಳ ವಿಷಯವಿದೆ. ಇಷ್ಟು ಸಾಮಗ್ರಿ ಕೈಯಳತೆಯಲ್ಲಿರುವಾಗ ಇಂದಿನ ಊಟವನ್ನು ಅಂದಿನ ಎಲೆಗೆ ಬಡಿಸುವುದು ಕಲಾಸ್ವಾತಂತ್ರ್ಯವಲ್ಲ, ಸೋಮಾರಿತನ.

ವಸ್ತುವಿನ ಕಾಲವ್ಯತ್ಯಾಸಕ್ಕಿಂತ ಭಾವನೆಯ ಕಾಲವ್ಯತ್ಯಾಸ ಹೆಚ್ಚು ಅಪಾಯಕರ. ಮೆಣಸಿನಕಾಯಿಯ ತಪ್ಪನ್ನು ಬಲ್ಲವನು ಕಂಡು ನಗುತ್ತಾನೆ, ಅಷ್ಟೆ. ಹನ್ನೆರಡನೆಯ ಶತಮಾನದ ದಂಡನಾಯಕನ ಬಾಯಲ್ಲಿ ನಮ್ಮ ಕಾಲದ ರಾಜಕೀಯ ಭಾಷಣವನ್ನು ಇಟ್ಟರೆ ಯಾರೂ ನಗುವುದಿಲ್ಲ. ಹಲವರು ಚಪ್ಪಾಳೆ ತಟ್ಟುತ್ತಾರೆ. ಆ ಚಪ್ಪಾಳೆಯೇ ಅಪಾಯದ ಗುರುತು. ಅಂದಿನವರು ಸಮಯ, ಕುಲ, ಒಡೆತನ, ಬೇಳೆವಾಳಿ, ಮಾತಿಗೆ ತಪ್ಪದ ನಿಷ್ಠೆ ಇವುಗಳ ಮೂಲಕ ಲೋಕವನ್ನು ಅರಿತರು. ಇಂದಿನ ನಮ್ಮ ಪಕ್ಷಗಳು ಅವರಿಗೆ ತಿಳಿಯವು. ಅವರನ್ನು ನಮ್ಮ ಪಕ್ಷದ ಕಾಲಾಳುಗಳನ್ನಾಗಿ ಮಾಡಿಕೊಂಡರೆ ಅವರೂ ಸತ್ತರು, ನಾವೂ ಏನನ್ನೂ ಕಲಿಯಲಿಲ್ಲ.

೬

ಶಾಂತಲೆಯ ವಿಷಯದಲ್ಲಿ ಆಕರಗಳು ಆಕೆಯ ಪರವಾದವು. ಆಕರಗಳೇ ವಿರೋಧಿಗಳ ಕೈಯಿಂದ ಬಂದಿದ್ದರೆ ಏನು ಮಾಡಬೇಕು? ಕೊಡಗಿನ ನಿದರ್ಶನ ಇಲ್ಲಿ ಉಪಯುಕ್ತ. ೧೮೩೪ರಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಚಿಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಕೊಡಗನ್ನು ಸೇರಿಸಿಕೊಂಡಿತು; ಅದು ಅಲ್ಲಿಯ ಜನರ ಇಚ್ಛೆಯಂತೆಯೇ ನಡೆಯಿತೆಂದು ಘೋಷಿಸಿತು. ಅರಸನ ಕ್ರೌರ್ಯದ ವರದಿಗಳಲ್ಲಿ ಬಹುಭಾಗ ಅವನನ್ನು ಇಳಿಸಿದವರದೇ. ಆದರೆ ಕೇವಲ ಮೂರು ವರ್ಷಗಳಲ್ಲಿ, ೧೮೩೭ರಲ್ಲಿ, ಅಮರಸುಳ್ಯದ ಕಡೆಯಿಂದ ಎದ್ದ ದಂಗೆ ಮಂಗಳೂರನ್ನು ಮುಟ್ಟಿತೆಂಬುದನ್ನು ನೆನೆದರೆ, ಜನರ ಇಚ್ಛೆ ಘೋಷಣೆಯಲ್ಲಿ ಕಾಣುವಷ್ಟು ಒಮ್ಮುಖವಾಗಿರಲಿಲ್ಲವೆಂದು ತಿಳಿಯುತ್ತದೆ.

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ೧೯೫೬ರಲ್ಲಿ ‘ಚಿಕವೀರರಾಜೇಂದ್ರ’ವನ್ನು ಪ್ರಕಟಿಸಿದಾಗ ಅವರ ಮುಂದಿದ್ದ ಕಷ್ಟ ಇದೇ. ಅವರು ಅರಸನ ದುರ್ನಡತೆಯನ್ನು ಮುಚ್ಚಲಿಲ್ಲ. ಆದರೆ ರಾಣಿ ಗೌರಮ್ಮ, ಮಂತ್ರಿಗಳಾದ ಬೋಪಣ್ಣ ಮತ್ತು ಲಕ್ಷ್ಮೀನಾರಾಯಣಯ್ಯ, ಕುಂಟ ಬಸವ ಇವರ ನಡುವೆ ಕಥೆಯನ್ನು ನಡೆಸಿ, ರಾಜ್ಯವೊಂದು ಒಳಗಿನಿಂದ ಹೇಗೆ ಸಡಿಲವಾಗುತ್ತದೆಂಬುದನ್ನು ಒಳಗಿನವರ ಕಣ್ಣಿನಿಂದಲೇ ತೋರಿಸಿದರು. ವಿರೋಧಿಯ ಆಕರವನ್ನು ಬಳಸಬಹುದು; ವಿರೋಧಿಯ ಕಣ್ಣನ್ನು ಬಳಸಬೇಕಾಗಿಲ್ಲ. ಈ ಕೃತಿಯ ಚಿತ್ರಣವನ್ನು ಇಡಿಯಾಗಿ ಒಪ್ಪದವರೂ ಅದರ ಈ ಗುಣವನ್ನು ಅಲ್ಲಗಳೆಯಲಾರರು.

ಇನ್ನು ಲಿಖಿತ ಆಕರಕ್ಕಿಂತ ಬಾಯ್ಮಾತೇ ಮುಖ್ಯವಾದ ಸಂದರ್ಭಗಳುಂಟು. ಚಿತ್ರದುರ್ಗದ ಒನಕೆ ಓಬವ್ವನ ಕಥೆ ಅಂಥದು. ಹೈದರಾಲಿಯ ಸೈನ್ಯ ಕೋಟೆಯ ಕಿಂಡಿಯಲ್ಲಿ ನುಸುಳಿದಾಗ ಕಾವಲುಗಾರನ ಹೆಂಡತಿ ಒನಕೆ ಹಿಡಿದು ನಿಂತ ಪ್ರಸಂಗವನ್ನು ದುರ್ಗದ ಜನ ತಲೆಮಾರುಗಳಿಂದ ಹೇಳಿಕೊಂಡು ಬಂದರು. ತ. ರಾ. ಸುಬ್ಬರಾಯರ ಕಾದಂಬರಿಗಳು ದುರ್ಗದ ಕಥೆಗಳನ್ನು ನಾಡಿಗೆಲ್ಲ ಪರಿಚಯಿಸಿದವು. ೧೯೭೨ರ ‘ನಾಗರಹಾವು’ ಚಿತ್ರದ ಕೆಲವೇ ನಿಮಿಷಗಳ ದೃಶ್ಯವು ಓಬವ್ವನಿಗೆ ಒಂದು ಮುಖವನ್ನು ಕೊಟ್ಟಿತು. ಇಂದು ಓಬವ್ವನೆಂದರೆ ಬಹುಜನರ ಕಣ್ಣಿಗೆ ಕಟ್ಟುವುದು ಆ ಮುಖವೆ. ಆಕೆಯನ್ನು ತಮ್ಮವಳೆಂದು ಗೌರವಿಸುತ್ತ ಬಂದಿರುವವರು ಛಲವಾದಿ ಸಮುದಾಯದವರು. ಜನಪ್ರಿಯ ಚಿತ್ರಣಗಳಲ್ಲಿ ಆಕೆಯ ಶೌರ್ಯ ಉಳಿಯಿತು, ಆಕೆ ಯಾವ ಕೇರಿಯಿಂದ ಬಂದವಳೆಂಬುದು ಬಹುಕಾಲ ಹಿಂದೆ ಸರಿಯಿತು. ಕೇಳಿದ ಕಥೆಯನ್ನು ಬರೆಯುವವನು, ಅದನ್ನು ಯಾರು ಕಾಪಾಡಿಕೊಂಡು ಬಂದರೋ ಅವರಲ್ಲಿಗೆ ಹೋಗಿ ಇನ್ನೊಮ್ಮೆ ಕೇಳಬೇಕೆಂಬ ನಿಯಮ ಇಲ್ಲಿಂದ ದೊರೆಯುತ್ತದೆ.

೭

ಈಗ ಅಭಿಮಾನಿ ಬರಹದ ವಿಷಯ. ಇದನ್ನು ಇತ್ತೀಚಿನ ಹುಡುಗಾಟವೆಂದು ಪಂಡಿತರು ಉಪೇಕ್ಷಿಸುವುದುಂಟು. ಆದರೆ ಮೆಚ್ಚಿದ ಕೃತಿಯೊಳಕ್ಕೆ ಹೊಕ್ಕು, ಅದರ ಒಂದು ಮೂಲೆಯನ್ನು ಹಿಗ್ಗಿಸಿ ಬರೆಯುವುದು ಕನ್ನಡಕ್ಕೆ ಹೊಸತಲ್ಲ. ಪಂಪನು ೯೪೧ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸುವಾಗ ವ್ಯಾಸರ ಕಥೆಯನ್ನು ತೆಗೆದುಕೊಂಡು, ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದನು, ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನೊಡನೆ ಹೋಲಿಸಿದನು. ರನ್ನನು ಪಂಪನ ಕಾವ್ಯದ ಹದಿಮೂರನೆಯ ಆಶ್ವಾಸದಿಂದ ಸ್ಫೂರ್ತಿಗೊಂಡು ‘ಗದಾಯುದ್ಧ’ವನ್ನು ಬೆಳೆಸಿದನು, ಅಲ್ಲಿ ಅವನ ಒಡೆಯ ಸತ್ಯಾಶ್ರಯನು ಭೀಮನಾದನು. ಮೂಲಕೃತಿಯ ಮೇಲಣ ಪ್ರೀತಿ, ಅದರಲ್ಲಿ ತನಗೆ ಬೇಕಾದುದನ್ನು ಕಾಣುವ ಆಸೆ, ಅದನ್ನು ತಿರುಗಿಸಿ ಹೇಳುವ ಧೈರ್ಯ ಇವು ಅಂದೂ ಇದ್ದುವು, ಇಂದೂ ಇವೆ. ಪಂಪನಿಗೂ ಇಂದಿನ ಹವ್ಯಾಸಿ ಬರಹಗಾರನಿಗೂ ಪ್ರತಿಭೆಯಲ್ಲಿ ಅಂತರವಿರಬಹುದು. ವ್ಯಾಪಾರ ಒಂದೇ ಜಾತಿಯದು.

ವ್ಯತ್ಯಾಸವಿರುವುದು ಬೇರೆ ಕಡೆ. ಪಂಪನ ಶ್ರೋತೃಗಳಿಗೆ ವ್ಯಾಸರ ಕಥೆ ಮೊದಲೇ ತಿಳಿದಿತ್ತು. ಕವಿ ಎಲ್ಲಿ ಬದಲಾಯಿಸಿದನೆಂಬುದನ್ನು ಅವರು ಕೂಡಲೇ ಗುರುತಿಸಬಲ್ಲವರಾಗಿದ್ದರು. ಪಂಪನಾದರೂ ತಾನು ಯಾರನ್ನು ಅನುಸರಿಸುತ್ತಿರುವೆನೆಂಬುದನ್ನು ಮರೆಸಲಿಲ್ಲ. ಇಂದು ಶಾಂತಲೆಯ ಕಾದಂಬರಿಯನ್ನು ಓದಿ ಮೆಚ್ಚಿದ ತರುಣಿಯೊಬ್ಬಳು ಆಕೆಯ ಬಾಲ್ಯವನ್ನು ಕುರಿತು ಬರೆಯುತ್ತಾಳೆಂದು ಇಟ್ಟುಕೊಳ್ಳೋಣ. ಕಾದಂಬರಿಕಾರನು ಶಾಸನವನ್ನೂ ಐತಿಹ್ಯವನ್ನೂ ತನ್ನ ಕಲ್ಪನೆಯನ್ನೂ ಕಲಸಿ ಕಟ್ಟಿದ ಶಾಂತಲೆ ಅವಳ ಕೈಗೆ ಇಡಿಯಾಗಿ ಬಂದಿದ್ದಾಳೆ. ಯಾವುದು ಕಲ್ಲು, ಯಾವುದು ಗಾರೆ ಎಂಬ ಭೇದ ಅವಳಿಗೆ ಕಾಣದು. ಅವಳು ಅದರ ಮೇಲೆ ತನ್ನದನ್ನು ಸೇರಿಸುತ್ತಾಳೆ. ಅವಳನ್ನು ಓದಿದವನು ಮತ್ತೊಂದನ್ನು ಸೇರಿಸುತ್ತಾನೆ. ಮೂರು ಕೈ ದಾಟುವುದರೊಳಗೆ ಕಾದಂಬರಿಕಾರನ ಊಹೆ ಇತಿಹಾಸವಾಗಿರುತ್ತದೆ. ಶಿವಗಂಗೆಯ ಬಂಡೆಯಂಚಿನಲ್ಲಿ ಇಣಿಕುವವರ ನಂಬಿಕೆ ಬಲವಾದದ್ದೂ ಇಂಥ ಕ್ರಮದಿಂದಲೇ.

ಆದುದರಿಂದ ಅಭಿಮಾನಿ ಬರಹಗಾರನನ್ನು ನಿರುತ್ಸಾಹಗೊಳಿಸುವುದು ಪರಿಹಾರವಲ್ಲ. ಕಾದಂಬರಿಯಿಂದಾಚೆಗೆ ಒಂದು ಹೆಜ್ಜೆ ಹಿಂದಕ್ಕೆ ಹೋಗಲು ಅವನನ್ನು ಪ್ರೇರಿಸುವುದೇ ಪರಿಹಾರ. ಮೈಸೂರು ರಾಜ್ಯದ ಶಾಸನಗಳು ‘ಎಪಿಗ್ರಾಫಿಯ ಕರ್ನಾಟಿಕ’ ಸಂಪುಟಗಳಲ್ಲಿ ಬಿ. ಎಲ್. ರೈಸ್ ಅವರ ಕಾಲದಿಂದಲೂ ಅಚ್ಚಾಗಿ ದೊರೆಯುತ್ತಿವೆ. ಪ್ರೀತಿಯಿಂದ ಬರೆಯುವವನಿಗೆ ಒಂದು ದಿನದ ಓದು ಭಾರವಾಗಲಾರದು. ಬಹುಶಃ ಅಂಥ ಓದುಗನೇ ಮಾಚಿಕಬ್ಬೆಯನ್ನು ಮೊದಲು ಕಂಡುಹಿಡಿಯಬಹುದು.

೮

ಮೇಲಿನ ವಿವೇಚನೆಯ ಸಾರವನ್ನು ಹೀಗೆ ಸಂಗ್ರಹಿಸಬಹುದು. ಹಿಂದಿನವರನ್ನು ಕುರಿತು ಕಥೆ ಬರೆಯುವವನು ತನ್ನ ಸಾಮಗ್ರಿಯನ್ನು ನಾಲ್ಕು ರಾಶಿಗಳಾಗಿ ಮನಸ್ಸಿನಲ್ಲಿ ಬೇರ್ಪಡಿಸಿಕೊಳ್ಳಬೇಕು: ಸಮಕಾಲೀನ ಆಧಾರವುಳ್ಳದ್ದು, ಐತಿಹ್ಯದಿಂದ ಬಂದದ್ದು, ಹಿಂದಿನ ಲೇಖಕನು ಕಲ್ಪಿಸಿದ್ದು, ತಾನೇ ಕಲ್ಪಿಸಿದ್ದು. ಮೊದಲನೆಯದನ್ನು ಮೀರಬೇಕಾದಾಗ ಕಾರಣ ತಿಳಿದು ಮೀರಲಿ. ಎರಡನೆಯದನ್ನು ಐತಿಹ್ಯವೆಂದೇ ಬಳಸಲಿ. ಕಥೆಯೊಳಗಿನ ಅಜ್ಜಿಯೊಬ್ಬಳ ಬಾಯಲ್ಲಿ ಜಕಣಾಚಾರಿಯ ಕಥೆ ಬಂದರೆ ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಮೂರನೆಯದಕ್ಕೆ ಋಣವನ್ನು ಒಪ್ಪಿಕೊಳ್ಳಲಿ. ನಾಲ್ಕನೆಯದರಲ್ಲಿ ಸ್ವತಂತ್ರನಾಗಿರಲಿ, ಆದರೆ ಆ ಸ್ವಾತಂತ್ರ್ಯದಿಂದ ಇಂದು ಬದುಕಿರುವ ಯಾರ ಮುಖಕ್ಕಾದರೂ ಮಸಿ ಬೀಳುವುದೆ ಎಂದು ಒಮ್ಮೆ ಯೋಚಿಸಲಿ. ಇವನ್ನು ಕಥೆಯ ನಡುವೆ ಸಾರಿ ಹೇಳಬೇಕಾದ ಅಗತ್ಯವಿಲ್ಲ. ಮುನ್ನುಡಿಯ ಅಥವಾ ಹಿನ್ನುಡಿಯ ಒಂದು ಪುಟ ಸಾಕು. ಆ ಒಂದು ಪುಟದಿಂದ ಕಥೆಯ ರಸಕ್ಕೆ ಭಂಗವಿಲ್ಲ. ಮುಂದೆ ಬರೆಯುವವನಿಗೆ ದಾರಿದೀಪವುಂಟು.

ಸತ್ತವರು ತಮ್ಮ ಪರವಾಗಿ ಮಾತನಾಡಲಾರರು. ಶಾಂತಲೆ ತನ್ನ ಬಿರುದನ್ನು ಕಲ್ಲಿನಲ್ಲಿ ಬರೆಸಿದಳು, ದಾಸೋಜನು ತನ್ನ ಹೆಸರನ್ನು ಮದನಿಕೆಯ ಪಾದದಲ್ಲಿ ಕೆತ್ತಿದನು, ಮಾಚಿಕಬ್ಬೆಯ ಕೊನೆಯ ದಿನಗಳನ್ನು ಕವಿಯೊಬ್ಬನು ಶಿಲೆಗೆ ಒಪ್ಪಿಸಿದನು. ಒಂಬೈನೂರು ವರ್ಷಗಳಿಗೆ ಸಮೀಪವಾಗಿ ಆ ಅಕ್ಷರಗಳು ಮಳೆಗೂ ಬಿಸಿಲಿಗೂ ಅಳಿಯದೆ ನಿಂತಿವೆ. ಅವರ ಬಾಳನ್ನು ಕಥೆಯಾಗಿಸುವ ಮೊದಲು ಅವರೇ ಹೇಳಿಟ್ಟ ಮಾತನ್ನು ಓದಿಕೊಳ್ಳುವುದು ನಾವು ಅವರಿಗೆ ಸಲ್ಲಿಸಬೇಕಾದ ಕನಿಷ್ಠ ಮರ್ಯಾದೆ.